ಆ ಹತ್ತರೊಳಗೆ ನೀವು ಇದ್ದೀರಾ?

ತರಕಾರಿಯಲ್ಲಿರೋ ಕೀಟನಾಶಕದ ಬಗ್ಗೆ ನಾವು ಮಾಡಿದ ಎಪಿಸೋಡ್ ಕೇಳಿದ ಮೇಲೆ ಹಲವರು ಒಂದೇ ಪ್ರಶ್ನೆ ಕಳಿಸಿದರು: "ಮಿತಿಯೊಳಗೆ ಇದೆ ಅಂದಮೇಲೆ ಸೇಫ್ ತಾನೇ? ನೂರು ಪಟ್ಟು ಅಂತರ ಇಟ್ಟೇ ಮಿತಿ ಹಾಕಿರ್ತಾರಲ್ಲ?" ಮೈಕ್ ಮುಂದೆ ಎರಡು ನಿಮಿಷದಲ್ಲಿ ಮುಗಿಸೋ ಉತ್ತರ ಇದಲ್ಲ. ಆದರೂ ಸಾರಾಂಶ ಮೊದಲೇ ಹೇಳಿಬಿಡ್ತೀನಿ. ಯಾರಿಗೆ ಸೇಫ್, ನೂರಕ್ಕೆ ಎಷ್ಟು ಜನರಿಗೆ ಸೇಫ್ ಅಂತ ಹೇಳದ ಮಿತಿ ಅರ್ಧ ಮಾತು ಮಾತ್ರ. ಉಳಿದರ್ಧ ಮಾತನ್ನು ನಾವು ಕೇಳ್ತಾ ಇಲ್ಲ, ಅವರು ಹೇಳ್ತಾ ಇಲ್ಲ.

ನಾನು ವಿಷಶಾಸ್ತ್ರ ಓದಿದವನಲ್ಲ. ದತ್ತಾಂಶ ನೋಡೋದು ನನ್ನ ಹೊಟ್ಟೆಪಾಡು. ಆದರೆ ಈ ಜಗಳ ಕೊನೆಗೆ ಬಂದು ನಿಲ್ಲೋದು ದತ್ತಾಂಶದ ಮುಂದೇನೇ.

ಆ ನೂರು ಎಲ್ಲಿಂದ ಬಂತು ನೋಡಿ. 1954ರಲ್ಲಿ ಅಮೆರಿಕದ ಎಫ್‌ಡಿಎಯ ಲೇಮನ್ ಮತ್ತು ಫಿಟ್ಜ್‌ಹ್ಯೂ ಅನ್ನೋ ಇಬ್ಬರು ವಿಜ್ಞಾನಿಗಳು ಒಂದು ಸಣ್ಣ ಲೇಖನ ಬರೆದರು. ಇಲಿಗೆ ಏನೂ ಆಗದ ಡೋಸ್ ಹುಡುಕಿ, ಅದನ್ನು ನೂರರಿಂದ ಭಾಗಿಸಿ, ಅಷ್ಟು ಮನುಷ್ಯರಿಗೆ ಪರವಾಗಿಲ್ಲ ಅಂತ. ಆಮೇಲೆ ಬಂದವರು ಆ ನೂರನ್ನು ಎರಡು ಹತ್ತಾಗಿ ಓದಿದರು. ಒಂದು ಹತ್ತು ಇಲಿಗೂ ಮನುಷ್ಯನಿಗೂ ಇರೋ ವ್ಯತ್ಯಾಸಕ್ಕೆ, ಇನ್ನೊಂದು ಹತ್ತು ಮನುಷ್ಯ-ಮನುಷ್ಯರ ನಡುವಿನ ವ್ಯತ್ಯಾಸಕ್ಕೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಎರಡನೇ ಹತ್ತನ್ನು ಮತ್ತೆ ಸಮಪಾಲು ಮಾಡಿತು: ರಾಸಾಯನಿಕವನ್ನು ದೇಹ ಅರಗಿಸಿಕೊಳ್ಳುವುದರಲ್ಲಿನ ವ್ಯತ್ಯಾಸಕ್ಕೆ 3.16, ದೇಹದ ಅಂಗಾಂಗ ಅದಕ್ಕೆ ಸ್ಪಂದಿಸುವುದರಲ್ಲಿನ ವ್ಯತ್ಯಾಸಕ್ಕೆ 3.16. ಗುಣಿಸಿದರೆ ಮತ್ತೆ ಅದೇ ಹತ್ತು! ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡ ಹಾಗೆ. ಪಾಲಾಯ್ತು, ಜಮೀನೇನೂ ಹೆಚ್ಚಾಗಲಿಲ್ಲ. ಒಂದು ರಾಸಾಯನಿಕದ ಬಗ್ಗೆ ಒಳ್ಳೆ ಮಾಹಿತಿ ಇದ್ದರೆ 3.16ರ ಜಾಗದಲ್ಲಿ ನಿಜವಾದ ಅಂಕಿ ಹಾಕಬಹುದು ಅನ್ನೋ ಅವಕಾಶ ಸಿಕ್ಕಿತು, ಅದು ಒಳ್ಳೇದೇ. ಮಾಹಿತಿ ಇಲ್ಲದಿದ್ದರೆ? ಅಪ್ಪ ನೆಟ್ಟ ಆಲದಮರ ಅಂತ ಅದಕ್ಕೇ ಜೋತುಬೀಳೋದು.

ಈ ಹತ್ತು ಕೆಲಸ ಮಾಡೋದು ಹೇಗೆ ಅನ್ನೋದಕ್ಕೆ ಕ್ಲೋರ್‌ಪೈರಿಫಾಸ್‌ಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಊರಲ್ಲಿ ಮನೆ ಕಟ್ಟುವಾಗ ಗೆದ್ದಲಿಗೆ ಅಂತ ಪಾಯಕ್ಕೆ ಸುರಿಯೋದು ನೋಡಿರ್ತೀರಿ, ಹೊಲಕ್ಕೂ ಹೊಡೀತಾರೆ. ಐರೋಪ್ಯ ಒಕ್ಕೂಟ 2020ರಲ್ಲಿ ಇದರ ಪರವಾನಗಿ ಮುಂದುವರಿಸಲಿಲ್ಲ. ಅಮೆರಿಕದಲ್ಲಿ ಮಾತ್ರ ಇದು ಕೋರ್ಟು-ಸರ್ಕಾರಗಳ ನಡುವೆ ಚೆಂಡಿನ ಹಾಗೆ ಓಡಾಡ್ತಾ ಇದೆ: 2021ರಲ್ಲಿ ಆಹಾರ ಬೆಳೆಗಳಿಗೆ ಬೇಡ ಅಂದರು, 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನೇ ರದ್ದು ಮಾಡಿತು.

ಇದಕ್ಕೆ ಅಮೆರಿಕದ ಪರಿಸರ ಸಂಸ್ಥೆ ವರ್ಷಗಟ್ಟಲೆ ಇಟ್ಟುಕೊಂಡಿದ್ದ ಮಿತಿ, ದಿನಕ್ಕೆ ಒಂದು ಕಿಲೋ ದೇಹತೂಕಕ್ಕೆ 0.003 ಮಿಲಿಗ್ರಾಂ. ಇದು ಇಲಿಯಿಂದ ಬಂದದ್ದಲ್ಲ, ಮನುಷ್ಯರಿಂದ ಬಂದದ್ದು. ತಯಾರಕ ಕಂಪನಿ ಡೌ ಹಣ ಕೊಟ್ಟು ಮಾಡಿಸಿದ, 1972ರಲ್ಲಿ ವರದಿಯಾದ ಪ್ರಯೋಗ ಅದು. ನ್ಯೂಯಾರ್ಕ್ ರಾಜ್ಯದ ಕ್ಲಿಂಟನ್ ಜೈಲಿನ ಹದಿನಾರು ಕೈದಿಗಳು, ಎಲ್ಲರೂ ವಯಸ್ಕ ಗಂಡಸರು, ನಾಲ್ಕು ಗುಂಪು, ಗುಂಪಿಗೆ ನಾಲ್ಕೇ ಜನ. ಒಂದು ಗುಂಪಿಗೆ 0.03 ಮಿಲಿಗ್ರಾಂ ಲೆಕ್ಕದಲ್ಲಿ ಇಪ್ಪತ್ತು ದಿನ ಕೊಟ್ಟರು, ಏನೂ ಆಗಲಿಲ್ಲ ಅಂದರು. ಹತ್ತರಿಂದ ಭಾಗಿಸಿದರು. ಮಿತಿ ರೆಡಿ. ಗರ್ಭಿಣಿ, ಹಸುಗೂಸು, ಲಿವರ್ ಕೆಟ್ಟ ಅಜ್ಜ, ಸಾಲಿನಾಸ್ ಕಣಿವೆಯಲ್ಲಿ ಸ್ಟ್ರಾಬೆರಿ ಕೀಳೋ ಕೂಲಿ, ಮಂಡ್ಯದ ರೈತ — ಎಲ್ಲರನ್ನೂ ಈ ನಾಲ್ಕು ಗಂಡಸರಿಂದ ಹತ್ತು ಹೆಜ್ಜೆ ದೂರದೊಳಗೆ ಕೂರಿಸಿಬಿಟ್ಟರು. ಇನ್ನೊಂದು ಸಂಗತಿ ಇದೆ. 2020ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಯಾನ್ ಶೆಪರ್ಡ್ ಮತ್ತು ಸಂಗಡಿಗರು ಹಳೇ ದತ್ತಾಂಶವನ್ನು ಮತ್ತೆ ಕೂಡಿ ಕಳೆದು ನೋಡಿದಾಗ, ಮೂಲ ವಿಶ್ಲೇಷಣೆಯಿಂದ ಸರಿಯಾದ ಅಳತೆಗಳನ್ನೇ ಕೆಲವು ಬಿಟ್ಟಿದ್ದರು ಅಂತ ಗೊತ್ತಾಯಿತು. ಅವನ್ನೂ ಸೇರಿಸಿಕೊಂಡರೆ "ಏನೂ ಆಗಲಿಲ್ಲ" ಅನ್ನೋ ಮಾತು ನಿಲ್ಲಲ್ಲ.

ಈಗ ದೇಹದೊಳಗೆ ಬನ್ನಿ. ಕ್ಲೋರ್‌ಪೈರಿಫಾಸ್ ತಾನೇ ಅಷ್ಟು ಕೆಟ್ಟದ್ದಲ್ಲ. ನಮ್ಮ ಲಿವರ್ ಅದನ್ನು ಆಕ್ಸಾನ್ ಅನ್ನೋ ಇನ್ನೊಂದು ರೂಪಕ್ಕೆ ತಿರುಗಿಸುತ್ತೆ, ನರಗಳಿಗೆ ತೊಂದರೆ ಕೊಡೋದು ಅದು. ಆ ಆಕ್ಸಾನನ್ನು ಒಡೆದುಹಾಕೋಕೆ ರಕ್ತದಲ್ಲಿ ಪಿಒಎನ್1 ಅನ್ನೋ ಕಿಣ್ವ ಇದೆ. ಕಿಣ್ವ ಅಂದ್ರೆ ದೇಹದೊಳಗಿನ ರಾಸಾಯನಿಕ ಕೆಲಸಗಾರ ಅಂದ್ಕೊಳ್ಳಿ. ಕ್ಯಾಲಿಫೋರ್ನಿಯಾದ ಸಾಲಿನಾಸ್ ಕಣಿವೆಯ ತಾಯಂದಿರು ಮತ್ತು ಅವರ ನವಜಾತ ಶಿಶುಗಳಲ್ಲಿ ಈ ಕಿಣ್ವ ಎಷ್ಟಿದೆ ಅಂತ ಅಳೆದು 2006ರಲ್ಲಿ ಪ್ರಕಟಿಸಿದರು. ಶಿಶುಗಳಲ್ಲಿ ಸರಾಸರಿ ತಾಯಂದಿರದ್ದರ ಕಾಲು ಭಾಗ. ಅತಿ ಕಡಿಮೆ ಇದ್ದ ಶಿಶುವಿಗೂ ಅತಿ ಹೆಚ್ಚು ಇದ್ದ ಶಿಶುವಿಗೂ 26 ಪಟ್ಟು ವ್ಯತ್ಯಾಸ. ಒಂದು ಕಿಣ್ವ, ಒಂದು ಕಣಿವೆ, ನೂರ ಚಿಲ್ಲರೆ ಮಕ್ಕಳು, ಅಷ್ಟರಲ್ಲೇ 26. ಅರಗಿಸಿಕೊಳ್ಳೋದರ ಪಾಲಿಗೆ ಅಂತ ಪುಸ್ತಕದಲ್ಲಿ ಕೊಟ್ಟಿದ್ದು 3.16. (26 ಅನ್ನೋದು ತುದಿಯಿಂದ ತುದಿಗೆ, 3.16 ಮಧ್ಯದಿಂದ ತುದಿಗೆ. ನೇರ ಹೋಲಿಸಬೇಡಿ ಅಂತ ನನ್ನ ಸಹೋದ್ಯೋಗಿ ಜಗಳಕ್ಕೆ ಬರ್ತಾಳೆ, ಮಾತು ಸರಿ. 26ರ ವರ್ಗಮೂಲ ತಗೊಂಡ್ರೂ ಐದು ದಾಟುತ್ತಲ್ಲ ಮಾರಾಯ್ತಿ!)

ಸ್ವಲ್ಪ ಗಣಿತ. ಜನರ ಸೂಕ್ಷ್ಮತೆ ಲಾಗ್ ಅಳತೆಯಲ್ಲಿ ಗಂಟೆಯ ಆಕಾರದಲ್ಲಿ ಹರಡಿದೆ ಅಂತ ಇಟ್ಟುಕೊಳ್ಳಿ, ಮಧ್ಯದ ಮನುಷ್ಯನ ಡೋಸನ್ನು ಹತ್ತರಿಂದ ಭಾಗಿಸಿದ್ದೀವಿ. ಹರವು, ಅಂದ್ರೆ ಲಾಗ್ ಹತ್ತರ ಸ್ಟ್ಯಾಂಡರ್ಡ್ ಡೀವಿಯೇಶನ್, 0.3 ಇದ್ದರೆ ಆ ಹತ್ತರ ಆಚೆ ಉಳಿಯೋರು ಹತ್ತು ಸಾವಿರಕ್ಕೆ ನಾಲ್ಕು ಜನ. 0.4 ಆದರೆ ಸಾವಿರಕ್ಕೆ ಆರು. 0.5 ಆದರೆ ನೂರಕ್ಕೆ ಎರಡಕ್ಕಿಂತ ಹೆಚ್ಚು. 2011ರ ಜನಗಣತಿಯ ಕರ್ನಾಟಕಕ್ಕೆ, ಅಂದ್ರೆ 6.1 ಕೋಟಿ ಜನಕ್ಕೆ, ಇದನ್ನು ಹಾಕಿ ನೋಡಿ: ಸುಮಾರು 26 ಸಾವಿರ, 3.8 ಲಕ್ಷ, 14 ಲಕ್ಷ. ಅಂಶ ಅದೇ ಹತ್ತು. ಬದಲಾಗಿದ್ದು ಹರವು ಒಂದೇ, ಅದನ್ನು ಬಹುಪಾಲು ರಾಸಾಯನಿಕಗಳಿಗೆ ಯಾರೂ ಅಳೆದೇ ಇಲ್ಲ. ಅಳೆದಾಗ ಏನು ಕಾಣುತ್ತೆ ಅನ್ನೋದರ ಒಂದು ಸುಳಿವು 2015ರದ್ದು: ಸಾವಿರಕ್ಕೂ ಹೆಚ್ಚು ಜನರ ಜೀವಕೋಶಗಳ ಮೇಲೆ 179 ರಾಸಾಯನಿಕ ಪರೀಕ್ಷಿಸಿದರು. ಸುಮಾರು ಅರ್ಧದಷ್ಟಕ್ಕೆ ಅತಿ ಸೂಕ್ಷ್ಮ ಶೇಕಡ ಒಂದು ಜನ ಮಧ್ಯದವರಿಂದ ಮೂರು ಪಟ್ಟಿನೊಳಗೇ ಇದ್ದರು. ಕೆಲವಕ್ಕೆ ಅಂತರ ಹತ್ತನ್ನೂ ದಾಟಿತು.

ಹಾಗಂತ ನಾಳೆಯಿಂದ ಸೊಪ್ಪು ತಿನ್ನಬೇಡಿ ಅಂತ ನಾನು ಹೇಳ್ತಿಲ್ಲ. ಅಂಗಡಿ ತರಕಾರಿಯಲ್ಲಿ ಉಳಿದಿರೋದು ಸಾಮಾನ್ಯವಾಗಿ ಮಿತಿಗಿಂತ ಎಷ್ಟೋ ಕೆಳಗೆ ಇರುತ್ತೆ. ವಾಟ್ಸಾಪಿನಲ್ಲಿ "ನಮ್ಮ ದೇಹವೇ ಬೇರೆ, ನಮಗೆ ಇಂಗ್ಲಿಷ್ ಮೆಡಿಸಿನ್ ಆಗಲ್ಲ" ಅಂತ ಕಷಾಯ ಮಾರೋರ ಪರವಾಗಿಯೂ ನಾನಿಲ್ಲ. ಕಷಾಯವನ್ನು ಅರಗಿಸೋದೂ ಅದೇ ಲಿವರ್, ಅದೇ ಕಿಣ್ವಗಳು. ಅದಕ್ಕೆ ಆ ಹತ್ತೂ ಇಲ್ಲ.

ಔಷಧಿಯ ವಿಷಯಕ್ಕೆ ಬಂದರೆ ಈ ವ್ಯತ್ಯಾಸವನ್ನು ಅಳೆಯೋದು ಸುಲಭ, ಆದರೂ ಅಳೆಯಲ್ಲ. ಅಪ್ಪ-ಅಮ್ಮನಿಗೆ ಸ್ಟೆಂಟ್ ಹಾಕಿದ ಮನೆಗಳಲ್ಲಿ ಕ್ಲೊಪಿಡೊಗ್ರೆಲ್ ಹೆಸರು ಹೊಸದಲ್ಲ. ನುಂಗಿದ ಮಾತ್ರೆ ಹಾಗೇ ಕೆಲಸ ಮಾಡಲ್ಲ, ಲಿವರ್‌ನಲ್ಲಿ ಮುಖ್ಯವಾಗಿ ಸಿವೈಪಿ2ಸಿ19 ಅನ್ನೋ ಕಿಣ್ವ ಅದನ್ನು ಎಬ್ಬಿಸಬೇಕು. ಈ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರೆ ಹೊಟ್ಟೆಗೆ ಹೋಗುತ್ತೆ, ರಕ್ತ ಹೆಪ್ಪುಗಟ್ಟೋದನ್ನು ಸರಿಯಾಗಿ ತಡೆಯಲ್ಲ. ಈ ಔಷಧಿ ಅಮೆರಿಕದ ಮಾರುಕಟ್ಟೆಗೆ ಬಂದಿದ್ದು 1997ರಲ್ಲಿ. ಎಫ್‌ಡಿಎ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿದ್ದು 2010ರಲ್ಲಿ. ಹವಾಯಿಯ ಜನರಲ್ಲಿ ಏಷ್ಯಾ ಮತ್ತು ಪೆಸಿಫಿಕ್ ಮೂಲದವರೇ ಹೆಚ್ಚು. ಆ ರಾಜ್ಯ ತಯಾರಕ ಕಂಪನಿಗಳ ಮೇಲೆ ಕೇಸು ಹಾಕಿತು, 2024ರಲ್ಲಿ ಕೋರ್ಟು 91.6 ಕೋಟಿ ಡಾಲರ್ ದಂಡ ವಿಧಿಸಿತು. ಕಂಪನಿಗಳು ತಪ್ಪು ಒಪ್ಪಿಲ್ಲ. ಬ್ರಿಟನ್ನಿನ ಬಾಂಗ್ಲಾದೇಶಿ ಮತ್ತು ಪಾಕಿಸ್ತಾನಿ ಮೂಲದವರ ದೊಡ್ಡ ಅಧ್ಯಯನ 2023ರಲ್ಲಿ ಬಂತು: ಶೇಕಡ 57 ಜನರಲ್ಲಿ ಕನಿಷ್ಠ ಒಂದು ಪ್ರತಿ ಕೆಟ್ಟಿತ್ತು, ಎರಡೂ ಕೆಟ್ಟವರಲ್ಲಿ ಮತ್ತೆ ಹೃದಯಾಘಾತ ಆಗುವ ಸಂಭವ ಮೂರು ಪಟ್ಟು.

ಅಂದ್ರೆ "ಏಷ್ಯನ್ನರಿಗೆ ಬೇರೆ ಡೋಸ್" ಅಂತ ಬೋರ್ಡು ಹಾಕಿದರೆ ಮುಗೀತಾ? ಇಲ್ಲ, ಅಲ್ಲೇ ನನಗೆ ಸಿಟ್ಟು ಬರೋದು. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಕ್ಲಿನಿಕ್ಕಿನ ಫಾರಂನಲ್ಲಿ ನನ್ನ ಪಾಲಿಗೆ ಇದ್ದ ಚೌಕ ಒಂದೇ: ಏಷ್ಯನ್. ಕೊರಿಯಾದವರೂ ಅದೇ, ಕೊಪ್ಪಳದವರೂ ಅದೇ. ರೊಸುವಾಸ್ಟಾಟಿನ್ ಚೀಟಿಯಲ್ಲೂ ಹೀಗೇ: ಫಿಲಿಪೈನ್ಸ್, ಜಪಾನ್, ಭಾರತ ಎಲ್ಲಾ ಸೇರಿಸಿ ಐದು ಮಿಲಿಗ್ರಾಂನಿಂದ ಶುರುಮಾಡಿ ಅಂತ. ಮುನ್ನೆಚ್ಚರಿಕೆ ಸರಿ, ಚೌಕ ಸರಿಯಿಲ್ಲ. ಭಾರತದೊಳಗೇ ನೋಡಿ. ಆಂಧ್ರ, ತೆಲಂಗಾಣ, ನಮ್ಮ ಬಳ್ಳಾರಿ-ಬೆಂಗಳೂರುಗಳಲ್ಲಿ ಇರೋ ಆರ್ಯವೈಶ್ಯ ಸಮುದಾಯದಲ್ಲಿ ಬ್ಯೂಟಿರಿಲ್‌ಕೋಲಿನ್‌ಎಸ್ಟರೇಸ್ ಅನ್ನೋ ಕಿಣ್ವದ ಕೊರತೆ ಬೇರೆ ಸಮುದಾಯಗಳಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಆಪರೇಷನ್ನಿಗೆ ಮುಂಚೆ ಸ್ನಾಯು ಸಡಿಲಿಸೋಕೆ ಕೊಡೋ ಸಕ್ಸಮೆಥೋನಿಯಂ ಉಳಿದವರಲ್ಲಿ ಕೆಲವೇ ನಿಮಿಷಕ್ಕೆ ಇಳಿಯುತ್ತೆ, ಈ ಕೊರತೆ ಇದ್ದವರು ಗಂಟೆಗಟ್ಟಲೆ ಉಸಿರಾಟದ ಯಂತ್ರದ ಮೇಲೇ ಇರಬೇಕಾಗುತ್ತೆ. ಏಷ್ಯನ್ ಅನ್ನೋ ಚೌಕ ಇದನ್ನು ಹಿಡಿಯಲ್ಲ, ಇಂಡಿಯನ್ ಅನ್ನೋದೂ ಹಿಡಿಯಲ್ಲ. ಆ ಸಮುದಾಯದ ಬಹುತೇಕರಲ್ಲಿ ಈ ಕೊರತೆ ಇಲ್ಲವಾದ್ದರಿಂದ ಜಾತಿಯ ಚೌಕವೂ ಹಿಡಿಯಲ್ಲ. ಹಿಡಿಯೋದು ರಕ್ತ ಪರೀಕ್ಷೆ ಮಾತ್ರ.

ಇದೆಲ್ಲ ಶ್ರೀಮಂತ ದೇಶಗಳ ಲಕ್ಷುರಿ ಅನ್ನೋರಿಗೆ ಮದ್ರಾಸಿನ ಕಥೆ ಹೇಳಬೇಕು. 1956ರಲ್ಲಿ ಅಲ್ಲಿ ಕ್ಷಯರೋಗ ಚಿಕಿತ್ಸಾ ಕೇಂದ್ರ ಶುರುವಾಯಿತು. ಐಸೊನಿಯಾಜಿಡ್ ಔಷಧಿಯನ್ನು ಕೆಲವರ ದೇಹ ಬೇಗ ಕರಗಿಸುತ್ತೆ, ಕೆಲವರದ್ದು ನಿಧಾನ. ವಾರಕ್ಕೊಮ್ಮೆ ಮಾತ್ರೆ ಕೊಡೋ ಪದ್ಧತಿ ಬೇಗ ಕರಗಿಸುವವರಿಗೆ ಸಾಲದು ಅಂತ ಆ ಕೇಂದ್ರ ಬಡರೋಗಿಗಳ ನಡುವೆಯೇ ಕೆಲಸ ಮಾಡಿ ತೋರಿಸಿತು. ಅರವತ್ತರ ದಶಕದಲ್ಲಿ! ಕಂಪ್ಯೂಟರ್ ಇಲ್ಲ, ಜೀನೋಮ್ ಇಲ್ಲ, ಮನಸ್ಸಿತ್ತು.

ಕೇಳಬೇಕಾದ್ದು ಹೆಚ್ಚೇನಿಲ್ಲ. ಮಿತಿ ಪ್ರಕಟಿಸುವಾಗ ಅದು ಶೇಕಡ ಎಷ್ಟು ಜನರನ್ನು ಕಾಯುತ್ತೆ, ಎಷ್ಟು ಖಾತ್ರಿಯಿಂದ, ಅಂತ ಪಕ್ಕದಲ್ಲೇ ಬರೀಬೇಕು. ಬರೆಯೋ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2014ರಲ್ಲಿ ಕೊಟ್ಟಿದೆ. ಬಳಸದಿರೋಕೆ ತಾಂತ್ರಿಕ ನೆಪ ಉಳಿದಿಲ್ಲ. ಶೇಕಡ 99 ಅಂದ್ರೆ ಉಳಿದ ಒಂದು ಶೇಕಡ ಯಾರು ಅನ್ನೋ ಪ್ರಶ್ನೆ ಬರುತ್ತೆ, ಆ ಪ್ರಶ್ನೆಗೆ ಹೆದರಿಯೇ ಅಂಕಿ ಬರೆಯಲ್ಲ ಅಂತ ನನ್ನ ಗುಮಾನಿ.

ನಿಮ್ಮ ಮಟ್ಟಿಗೆ ಒಂದು ಕೆಲಸ. ಬ್ರಿಟನ್ನಿನ ನೈಸ್ ಸಂಸ್ಥೆ ಪಾರ್ಶ್ವವಾಯು ಅಥವಾ ಸಣ್ಣ ಪಾರ್ಶ್ವವಾಯು ಆದವರಿಗೆ ಕ್ಲೊಪಿಡೊಗ್ರೆಲ್ ಕೊಡೋ ಮುಂಚೆ ಸಿವೈಪಿ2ಸಿ19 ಪರೀಕ್ಷೆ ಮಾಡಿ ಅಂತ 2024ರ ಜುಲೈನಲ್ಲಿ ಶಿಫಾರಸು ಮಾಡಿತು. ಆ ಶಿಫಾರಸಿನಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ಬರಲ್ಲ. ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಪ್ಪನ ಮಾತ್ರೆ ಡಬ್ಬಿಯಲ್ಲಿ ಆ ಹೆಸರು ಇದೆಯಾ ನೋಡಿ. ಇದ್ದರೆ ಯಾವ ಕಾರಣಕ್ಕೂ ನೀವಾಗೇ ನಿಲ್ಲಿಸಬೇಡಿ, ಸ್ಟೆಂಟ್ ಮುಚ್ಚಿಕೊಂಡೀತು. ಮುಂದಿನ ಸಲ ಚೆಕಪ್‌ಗೆ ಹೋದಾಗ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಬಹುದಾ ಅಂತ ಕೇಳೋಕೆ ಹೇಳಿ. ಪ್ರಸುಗ್ರೆಲ್, ಟಿಕಾಗ್ರೆಲರ್ ಅಂತ ಬೇರೆ ಮಾತ್ರೆಗಳಿವೆ, ಅವು ಈ ಕಿಣ್ವವನ್ನು ನೆಚ್ಚಿಕೊಂಡಿಲ್ಲ. ರಕ್ತಸ್ರಾವದ ಅಪಾಯ ಹೆಚ್ಚು ಇರೋದರಿಂದ ಎಲ್ಲರಿಗೂ ಹೊಂದಲ್ಲ, ಅದನ್ನು ತೂಗಿ ನೋಡೋದು ಡಾಕ್ಟರ ಕೆಲಸ.