ಗೊತ್ತಿರುವ ದೋಷಕ್ಕೊಂದು ಪಟ್ಟಿ ಇರಲಿ

ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯೊಂದನ್ನು ತೆರೆದು ನೋಡಿ. ಪರಿಚಯ, ವಿನ್ಯಾಸ, ಸ್ಕ್ರೀನ್‌ಶಾಟ್, ಉಪಸಂಹಾರ ಎಲ್ಲವೂ ಇರುತ್ತವೆ. ‘ಇದರಲ್ಲಿ ಇಂಥಿಂಥ ದೋಷಗಳು ಉಳಿದಿವೆ’ ಎನ್ನುವ ಪುಟ ಮಾತ್ರ ಅಪರೂಪ. ಡೆಮೊ ದಿನ ಯಾವ ಬಟನ್ ಒತ್ತಬಾರದು ಎಂಬುದು ತಂಡದವರಿಗೆಲ್ಲ ಗೊತ್ತು. ಬರೆದಿಟ್ಟರೆ ಅಂಕ ಹೋದೀತೆಂಬ ಭಯ! ನನ್ನ ಪ್ರಕಾರ ಅಂಕ ಸಿಗಬೇಕಾದದ್ದೇ ಆ ಪುಟಕ್ಕೆ.

ದೊಡ್ಡವರು ಏನು ಮಾಡುತ್ತಾರೆ? ‘ಕರ್ಲ್’ ಎಂಬ ಮುಕ್ತ ತಂತ್ರಾಂಶವನ್ನೇ ನೋಡೋಣ. ಸ್ವೀಡನ್‌ನ ಡ್ಯಾನಿಯಲ್ ಸ್ಟೆನ್‌ಬರ್ಗ್ ಮುನ್ನಡೆಸುವ ಇದು 1998ರಿಂದ ಈ ಹೆಸರಿನಲ್ಲಿದೆ. ಇಂಟರ್‌ನೆಟ್ ಮೂಲಕ ದತ್ತಾಂಶ ಸಾಗಿಸುವ ಇದರ ಲೈಬ್ರರಿ ಮೊಬೈಲ್, ಟಿ.ವಿ., ಕಾರುಗಳಲ್ಲೂ ಕೆಲಸ ಮಾಡುತ್ತದೆ. ಇದರ ಕೋಡ್ ಜೊತೆಗೇ ‘ನೋನ್ ಬಗ್ಸ್’ ಎಂಬ ಕಡತವೊಂದು ಬರುತ್ತದೆ. ತಮಗೆ ಗೊತ್ತಿದ್ದೂ ಇನ್ನೂ ಸರಿಪಡಿಸಲಾಗದ ದೋಷಗಳನ್ನು ವಿಷಯವಾರು ವಿಂಗಡಿಸಿ ಅದರಲ್ಲಿ ಬರೆದಿದ್ದಾರೆ. ಇದರಿಂದ ಕರ್ಲ್ ಬಳಸುವವರು ಕಡಿಮೆಯಾಗಲಿಲ್ಲ. ‘ಟೆಕ್’ ರೂಪಿಸಿದ ಡೊನಾಲ್ಡ್ ಕ್ನೂತ್ ಅಂತೂ 1978ರಿಂದ ಅದರ ದೋಷಗಳನ್ನೆಲ್ಲ ದಾಖಲಿಸುತ್ತಾ ಬಂದು, 1989ರಲ್ಲಿ ಅದನ್ನೇ ಪ್ರಬಂಧವಾಗಿ ಪ್ರಕಟಿಸಿದರು.

ಪಟ್ಟಿಯ ಲಾಭ ಸರಳ. ಲೈಬ್ರರಿ ಎಂದರೆ ಬೇರೆಯವರು ತಮ್ಮ ಕೆಲಸಕ್ಕೆ ಬಳಸುವ ಕೋಡ್. ಅದರ ದೋಷ ಮುಚ್ಚಿಟ್ಟರೆ, ಬಳಸುವವನು ತಪ್ಪು ತನ್ನದೇ ಎಂದುಕೊಂಡು ರಾತ್ರಿಯಿಡೀ ತಲೆ ಕೆಡಿಸಿಕೊಳ್ಳುತ್ತಾನೆ. ಎರಡು ಸಾಲು ಬರೆದಿದ್ದರೆ ಆ ರಾತ್ರಿ ಉಳಿಯುತ್ತಿತ್ತು.

ಆದರೆ ‘ಕೆಲವೊಮ್ಮೆ ಸರಿಯಾಗಿ ಬರುವುದಿಲ್ಲ’ ಎಂದು ಗೀಚಿದರೆ ಅದು ಪಟ್ಟಿಯಾಗದು. ಕನ್ನಡದ್ದೇ ಉದಾಹರಣೆ ಕೊಡುತ್ತೇನೆ. ಪಿಡಿಎಫ್ ತಯಾರಿಸುವ ಕೆಲವು ಲೈಬ್ರರಿಗಳಲ್ಲಿ ನಮ್ಮ ಒತ್ತಕ್ಷರಗಳು ಒಡೆದುಹೋಗುತ್ತವೆ. ಅದನ್ನು ಹೀಗೆ ಬರೆಯಬಹುದು: ‘ಪ್ರಮಾಣಪತ್ರದಲ್ಲಿ “ಲಕ್ಷ್ಮಿ” ಎಂಬ ಹೆಸರಿನ ಒತ್ತುಗಳು ಬಿಡಿಬಿಡಿಯಾಗಿ ಮುದ್ರಣವಾಗುತ್ತವೆ. ಆವೃತ್ತಿ 1.2ರಲ್ಲಿ ಕಂಡದ್ದು. ಸದ್ಯಕ್ಕೆ ಬ್ರೌಸರ್‌ನಲ್ಲಿ ತೆರೆದು ಅಲ್ಲಿಂದಲೇ ಪಿಡಿಎಫ್ ಮಾಡಿಕೊಳ್ಳಿ.’ ಏನಾಗುತ್ತದೆ, ಎಲ್ಲಿ, ಯಾವ ಆವೃತ್ತಿಯಲ್ಲಿ, ಅಲ್ಲಿಯವರೆಗೆ ದಾರಿ ಏನು – ಇಷ್ಟಿದ್ದರೆ ಸಾಕು.

ಪಟ್ಟಿ ಮಾಡಿಟ್ಟರೆ ಸರಿಪಡಿಸುವ ಕೆಲಸ ಮರೆತೇಹೋಗುತ್ತದೆ ಎನ್ನುವವರಿದ್ದಾರೆ. ಆ ಅಪಾಯ ನಿಜ. ಸರಿಹೋದ ದೋಷವನ್ನು ತೆಗೆಯದೆ, ಹೊಸದನ್ನು ಸೇರಿಸದೆ ಬಿಟ್ಟ ಪಟ್ಟಿ ಓದುಗನ ದಾರಿ ತಪ್ಪಿಸುತ್ತದೆ. ಹಾಗಾಗಿ ಪ್ರತಿ ಹೊಸ ಆವೃತ್ತಿಗೆ ಮುನ್ನ ಒಮ್ಮೆ ಅದನ್ನು ಪರೀಕ್ಷಿಸಲೇಬೇಕು. ಇನ್ನೊಂದು ಎಚ್ಚರಿಕೆ: ಪಾಸ್‌ವರ್ಡ್ ಸೋರುವಂಥ ಭದ್ರತಾ ಲೋಪವನ್ನು ಸರಿಪಡಿಸುವ ಮೊದಲೇ ಬಹಿರಂಗವಾಗಿ ಬರೆಯಬಾರದು. ಅದನ್ನು ನಿರ್ವಾಹಕರಿಗೆ ಖಾಸಗಿಯಾಗಿ ತಿಳಿಸುವುದೇ ರೂಢಿ.

ಕೆಲಸ ಹುಡುಕುತ್ತಿರುವವರಿಗೆ ಇಲ್ಲೊಂದು ಬಾಗಿಲಿದೆ. ‘ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ’ ಎಂದು ಗೊಣಗುವ ಬದಲು, ನೀವು ಬಳಸುವ ಲೈಬ್ರರಿಯ ದೋಷಪಟ್ಟಿ ತೆರೆಯಿರಿ. ಒಂದನ್ನು ಆರಿಸಿ, ನಿಮ್ಮ ಕಂಪ್ಯೂಟರಿನಲ್ಲಿ ಅದು ಈಗಲೂ ಇದೆಯೇ ನೋಡಿ, ಕಂಡದ್ದನ್ನು ಸ್ಪಷ್ಟವಾಗಿ ಬರೆದು ಕಳಿಸಿ. ಸರಿಪಡಿಸಲು ಬಂದರಂತೂ ಸರಿಯೇ. ಇದಕ್ಕೆ ಯಾರ ಶಿಫಾರಸೂ ಬೇಡ, ಶುಲ್ಕವೂ ಇಲ್ಲ.

ಕಾಲೇಜುಗಳೂ ಪ್ರಾಜೆಕ್ಟ್ ವರದಿಯಲ್ಲಿ ಈ ಅಧ್ಯಾಯವನ್ನು ಕಡ್ಡಾಯ ಮಾಡಿ, ಅದಕ್ಕೆಂದೇ ಅಂಕ ಇಡಲಿ. ತಾನು ಮಾಡಿದ್ದರಲ್ಲಿ ಎಲ್ಲಿ ಕೊರತೆಯಿದೆ ಎಂದು ನಿಖರವಾಗಿ ಹೇಳಬಲ್ಲ ವಿದ್ಯಾರ್ಥಿಗೆ ತನ್ನ ಕೆಲಸ ಪೂರ್ತಿ ಅರ್ಥವಾಗಿದೆ ಎಂದೇ ಲೆಕ್ಕ.