ಹಿಂದಿನ ಸೀಟಿನಲ್ಲಿ ಕೂತು ನೋಡಿ ಕಾರು ಕೊಳ್ಳಿ

ದೀಪಾವಳಿ ಹತ್ತಿರ ಬಂದಾಗ ಮತ್ತು ಮೇ ರಜೆಗೆ ಮುಂಚೆ ಪುಣೆಯ ಕನ್ನಡ ಮನೆಗಳಲ್ಲಿ ಒಂದೇ ಪ್ರಶ್ನೆ: ಊರಿಗೆ ಹೋಗೋದು ಹೇಗೆ? ರೈಲಿನಲ್ಲಿ ವೇಟಿಂಗ್ ಲಿಸ್ಟ್, ಖಾಸಗಿ ಬಸ್ಸಿನ ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ಅಪ್ಪ, ಅಮ್ಮ. ಇರುವ ಸಣ್ಣ ಕಾರಿನಲ್ಲಿ ಆರು ಜನ ಹಿಡಿಸುವುದಿಲ್ಲ, ಹೊಸ ಏಳು ಸೀಟಿನ ಕಾರಿಗೆ ದುಡ್ಡು ಸಾಲುವುದಿಲ್ಲ. ಕೊನೆಗೆ ‘ಸೆಕೆಂಡ್ ಹ್ಯಾಂಡ್ ನೋಡೋಣ’ ಎಂದು ಮಾತು ನಿಲ್ಲುತ್ತದೆ. ಈ ಸಲದ ಅಂಕಣ ಅಂಥವರಿಗಾಗಿ.

ವಿದೇಶಗಳಲ್ಲಿ ಇಂಥ ಸಂಸಾರಗಳು ಬಹಳ ಕಾಲ ಸ್ಟೇಷನ್ ವ್ಯಾಗನ್ ನೆಚ್ಚಿಕೊಂಡಿದ್ದವು. ನಮ್ಮಲ್ಲೂ ಟಾಟಾದವರು 1992ರಲ್ಲಿ ‘ಎಸ್ಟೇಟ್’, 2004ರಲ್ಲಿ ‘ಇಂಡಿಗೊ ಮರೀನಾ’ ತಂದರು. ಎರಡೂ ಇಲ್ಲಿ ನೆಲೆಯೂರಲಿಲ್ಲ. ಆ ಜಾಗಕ್ಕೆ ಬಂದದ್ದು 2005ರ ಇನ್ನೋವಾ, ನಂತರ 2012ರ ಎರ್ಟಿಗಾ. ಇವತ್ತು ಪುಣೆಯಲ್ಲಿ ಹಳೆಯ ಸಂಸಾರದ ಕಾರು ಹುಡುಕುವವರು ಹೆಚ್ಚಾಗಿ ಈ ಎರಡರ ಮುಂದೆಯೇ ನಿಲ್ಲುತ್ತಾರೆ.

ನನ್ನ ಅನುಭವದಲ್ಲಿ ಎಂಜಿನ್ ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದು, ಆದರೆ ಕಾರಿನ ಹಿಂದಿನ ಬದುಕನ್ನು ರಿಪೇರಿ ಮಾಡಲಾಗದು. ಅದಕ್ಕೇ ಬಣ್ಣ, ಮ್ಯೂಸಿಕ್ ಸಿಸ್ಟಮ್ ಆಮೇಲೆ. ಮೊದಲು ಈ ಕಾರು ಎಲ್ಲಿತ್ತು, ಏನು ಮಾಡುತ್ತಿತ್ತು ಎಂದು ಪತ್ತೆ ಹಚ್ಚಿ. ಪುಣೆಯಲ್ಲಿ ಮುಖ್ಯವಾಗಿ ಮೂರು ಅನುಮಾನ ಇಟ್ಟುಕೊಳ್ಳಬೇಕು.

ಒಂದು, ನೀರು. 2019ರ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ್ ಓಢಾ ಉಕ್ಕಿ ಸಹಕಾರನಗರದ ಕಡೆ ಕಾರುಗಳು ಆಟಿಕೆಯಂತೆ ತೇಲಿಹೋದದ್ದು ಇಲ್ಲಿದ್ದವರಿಗೆ ನೆನಪಿದೆ. 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ಏಕತಾನಗರಿಗೆ ನೀರು ನುಗ್ಗಿತು. ಕೊಲ್ಹಾಪುರ, ಸಾಂಗ್ಲಿಗಳಲ್ಲಿ 2019 ಮತ್ತು 2021ರಲ್ಲಿ ದೊಡ್ಡ ಪ್ರವಾಹ ಬಂತು. ನೀರಿನಲ್ಲಿ ನಿಂತ ಕಾರುಗಳೆಲ್ಲ ಗುಜರಿಗೆ ಹೋಗುವುದಿಲ್ಲ. ಒಣಗಿಸಿ, ಸೀಟ್ ಕವರ್ ಬದಲಿಸಿ, ಪಾಲಿಶ್ ಹೊಡೆದು ಮಾರುವವರಿದ್ದಾರೆ.

ಹೋದ ವರ್ಷ ಧಾರವಾಡದ ಗೆಳೆಯನ ಜೊತೆ ಒಂದು ಬೆಳ್ಳಿ ಬಣ್ಣದ ಏಳು ಸೀಟರ್ ನೋಡಲು ಹೋಗಿದ್ದೆ. ಒಳಗೆ ಸೆಂಟಿನ ಘಮಘಮ. ಕಾರು ಚೆಂದವಿತ್ತು, ಬೆಲೆಯೂ ಹಿತವಾಗಿತ್ತು. ನಡುವಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದೆ. ದಿನಾ ಹಾಕಿಕೊಳ್ಳುವಾಗ ಹೊರಗೆ ಬಾರದ ಆ ಕೊನೆಯ ಗೇಣುದ್ದದಲ್ಲಿ ಕೆಸರಿನ ಗೆರೆ ಹಾಗೇ ಕೂತಿತ್ತು. ಗೆಳೆಯ ಬಾಗಿಲು ಮುಚ್ಚಿ ‘ನಡೀರಿ ಹೋಗೂಣು’ ಎಂದ. ನೀವೂ ಎಲ್ಲ ಬೆಲ್ಟುಗಳನ್ನು ಎಳೆದು ನೋಡಿ. ಮ್ಯಾಟ್ ಎತ್ತಿ, ಸೀಟಿನ ಹಳಿ, ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ಗಮನಿಸಿ. ಎಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ ಬಂದರೆ ಕಾರಣ ಕೇಳಿ. ನೀರು ಕುಡಿದ ವೈರಿಂಗ್ ಇವತ್ತು ಕೆಲಸ ಮಾಡುತ್ತದೆ, ನಾಳೆ ರಾತ್ರಿ ಖಂಬಾಟ್ಕಿ ಘಾಟಿನಲ್ಲಿ ಕೈ ಕೊಡುತ್ತದೆ.

ಎರಡು, ಬಾಡಿಗೆ. ಹಿಂಜವಡಿ, ಖರಾಡಿಯ ಐಟಿ ಕಂಪನಿಗಳಿಗೆ ಹಗಲೂ ರಾತ್ರಿ ಓಡಿದ ಗಾಡಿಗಳು ಆಮೇಲೆ ಬಿಳಿ ನಂಬರ್ ಪ್ಲೇಟ್ ಹಾಕಿಕೊಂಡು ಮಾರಾಟಕ್ಕೆ ಬರಬಹುದು. ಓಡೋಮೀಟರ್ ಅರವತ್ತು ಸಾವಿರ ತೋರಿಸುತ್ತದೆ, ಆದರೆ ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿರುತ್ತದೆ. ಸ್ಟೀರಿಂಗ್, ಗೇರ್ ನಾಬ್, ಡ್ರೈವರ್ ಸೀಟಿನ ಅಂಚು ಸುಳ್ಳು ಹೇಳುವುದಿಲ್ಲ. ಅಧಿಕೃತ ವರ್ಕ್‌ಶಾಪಿನ ಸರ್ವಿಸ್ ದಾಖಲೆ ಕೇಳಿ, ಪ್ರತಿ ಸಲದ ಕಿಲೋಮೀಟರ್ ಅದರಲ್ಲಿರುತ್ತದೆ. ಟೈರಿನ ಮೇಲೆ ನಾಲ್ಕು ಅಂಕೆ ಇರುತ್ತದೆ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಗಾಜುಗಳ ಮೂಲೆಯಲ್ಲೂ ತಯಾರಿಯ ಗುರುತು ಇರುತ್ತದೆ. ಐದು ಗಾಜು ಒಂದು ವರ್ಷದ್ದು, ಒಂದು ಮಾತ್ರ ಬೇರೆ ವರ್ಷದ್ದಾದರೆ ಆ ಕಡೆ ಏಟು ಬಿದ್ದಿತ್ತೇ ಎಂದು ವಿಚಾರಿಸಿ.

ಮೂರು, ಹೊರ ರಾಜ್ಯ. ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಗಾಡಿಗಳು ಬೇರೆ ಊರುಗಳಿಗೆ ಅಗ್ಗವಾಗಿ ಬರತೊಡಗಿದವು. ಬೆಲೆ ನೋಡಿ ಮರುಳಾಗಬೇಡಿ. ನೋಂದಣಿಯಾದ ರಾಜ್ಯ ಬಿಟ್ಟು ಬೇರೆಡೆ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿನ ನಂಬರ್ ಪಡೆಯಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. ಅದಕ್ಕೆ ಹಳೆಯ ಆರ್‌ಟಿಒದ ಎನ್‌ಒಸಿ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ನಾವು ಊರಿನಿಂದ ತರುವ ಕೆಎ ನಂಬರಿನ ಕಾರಿಗೂ ಇದೇ ನಿಯಮ. ಎರಡು ವರ್ಷದಲ್ಲಿ ಹುಬ್ಬಳ್ಳಿಗೋ ಬೆಂಗಳೂರಿಗೋ ವಾಪಸಾಗುವ ಯೋಚನೆ ಇದ್ದರೆ ಎಂಎಚ್ 12, ಎಂಎಚ್ 14 ಕಾರು ಕೊಳ್ಳುವ ಮೊದಲೇ ಆ ಲೆಕ್ಕ ಹಾಕಿಕೊಳ್ಳಿ.

ಈ ಮೂರು ಅನುಮಾನ ತೀರಿದ ಮೇಲೆ ಓಡಿಸಿ ನೋಡಿ. ನೀವು ಹೋಗುವ ಮೊದಲು ಎಂಜಿನ್ ಚಾಲೂ ಮಾಡಿಡಬೇಡಿ ಎಂದು ಮಾರುವವರಿಗೆ ಹೇಳಿ. ಬಾನೆಟ್ ಮುಟ್ಟಿ, ತಣ್ಣಗಿದ್ದರೆ ಮಾತ್ರ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಹಳೆಯ ಇನ್ನೋವಾ ಡೀಸೆಲ್ ಆದರೆ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳಿ, ಅದು ಓಡುವಾಗ ಹರಿದರೆ ಎಂಜಿನ್ನೇ ಹೋಗುತ್ತದೆ. ಎರ್ಟಿಗಾ ಡೀಸೆಲ್ 2020ರಲ್ಲಿ ನಿಂತಿತು, ಆದ್ದರಿಂದ ಸಿಗುವುದೆಲ್ಲ ಅದಕ್ಕಿಂತ ಹಳೆಯದೇ. ಕಾತ್ರಜ್ ಹಳೆ ಘಾಟಿನಲ್ಲಿ ಎಸಿ ಹಾಕಿಕೊಂಡು, ಸೀಟು ತುಂಬಾ ಜನ ಕೂರಿಸಿಕೊಂಡು ಹತ್ತಿಸಿ. ಡ್ರೈವರ್ ಒಬ್ಬನೇ ಕೂತಾಗ ಎಲ್ಲ ಕಾರೂ ಗಟ್ಟಿಮುಟ್ಟು. ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದರೆ ಇನ್ನೂ ಒಳ್ಳೆಯದು, ಅವರ ಕೂಲಿ ದಂಡವಲ್ಲ.

ಆ ಗೆಳೆಯ ಮುಂದೆ ಇನ್ನೊಂದು ಕಾರು ನೋಡಿದಾಗ ಅವರ ತಾಯಿಯೂ ಬಂದಿದ್ದರು. ನಾವು ಬಾನೆಟ್ ಎತ್ತಿ ತಲೆ ತೂರಿಸಿದ್ದಾಗ ಅವರು ‘ಹಿಂದ ಕುಂಡ್ರಾಕಿ ನಾ ಅಲ್ಲೇನು? ನಾ ಹತ್ತಿ ನೋಡ್ತೀನಿ’ ಎಂದು ಮೂರನೇ ಸಾಲಿಗೆ ಹತ್ತಲು ಹೋದರು. ನಡುವಿನ ಸೀಟು ಮಡಚಿದರೂ ಮೊಣಕಾಲು ಬಗ್ಗಲಿಲ್ಲ. ಅಜ್ಜ ಅಜ್ಜಿ ನಡುವಿನ ಸಾಲಿನಲ್ಲಿ, ಮಕ್ಕಳು ಹಿಂದೆ ಎಂಬುದು ಅಲ್ಲೇ ತೀರ್ಮಾನವಾಯಿತು. ಇಂಥ ಪರೀಕ್ಷೆ ಎಲ್ಲರೂ ಮಾಡಬೇಕು. ಹಿಂದಿನ ಸಾಲಿಗೆ ಎಸಿ ಗಾಳಿ ಮುಟ್ಟುತ್ತದೆಯೇ, ಅಲ್ಲಿಯ ಬೆಲ್ಟ್ ಸಿಕ್ಕಿಸಲು ಆಗುತ್ತದೆಯೇ ನೋಡಿ. ಡಿಕ್ಕಿಯನ್ನೂ ಅಳೆಯಿರಿ. ಮೊದಲ ಎರ್ಟಿಗಾದಲ್ಲಿ ಮೂರೂ ಸಾಲು ಎಬ್ಬಿಸಿದರೆ ಉಳಿಯುವುದು 135 ಲೀಟರ್ ಜಾಗ, 2018ರ ನವೆಂಬರಿನಲ್ಲಿ ಬಂದ ಹೊಸದರಲ್ಲಿ 209. ಊರಿಂದ ಬರುವಾಗ ಜೋಳದ ಚೀಲ, ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬಿ ಎಲ್ಲಿಡುತ್ತೀರಿ ಎಂದು ಈಗಲೇ ಯೋಚಿಸಿ.

ಕೊನೆಯದು ಕಾಗದ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಇದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಬಾಕಿ ಇ-ಚಲನ್, ಆರ್‌ಸಿಯ ಅವಧಿ, ವಿಮೆಯ ದಿನಾಂಕ ಇವನ್ನು ಎಂ-ಪರಿವಾಹನ್ ಆಪಿನಲ್ಲಿ ನೀವೇ ನೋಡಿಕೊಳ್ಳಿ. ಮಾರುವವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಮನುಷ್ಯನದು, ಕಾರಿನದಲ್ಲ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ, ಇಲ್ಲದಿದ್ದರೆ ನಿಮ್ಮ ಕಾರಿಗೇ ಆದ ನಷ್ಟದ ಪರಿಹಾರ ಕೈ ತಪ್ಪಬಹುದು.

ಹಳೆ ಕಾರು ಮಾರಿ ದೊಡ್ಡದು ಕೊಳ್ಳುವವರಿಗೂ ಒಂದು ಮಾತು. 2007ರಲ್ಲಿ ಮಾರಿದ ಕಾರೊಂದು ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತ ಮಾಡಿತು. ಒಂದು ಮಗು ಸತ್ತಿತು. ಆರ್‌ಟಿಒ ದಾಖಲೆಯಲ್ಲಿ ಮೊದಲ ಮಾಲೀಕರ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ‘ನಮ್ಮ ಊರವರೇ, ಹೆಸರು ಆಮೇಲೆ ಬದಲಿಸಿಕೊಳ್ಳುತ್ತಾರೆ’ ಎಂಬ ವಿಶ್ವಾಸ ಚೆಂದವೇ. ಆದರೂ ಹಣ, ಕೀಲಿ, ಸಹಿ ಮೂರೂ ಒಂದೇ ದಿನ ಆಗಲಿ. ಹೆಸರು ಬದಲಾದ ಆರ್‌ಸಿ ಕಣ್ಣಾರೆ ಕಂಡ ಮೇಲೆ ನಿಂಬೆಹಣ್ಣು ಇಟ್ಟು ಊರಿನ ದಾರಿ ಹಿಡಿಯಿರಿ.