ಟ್ರಂಕಿನ ಕಾಗದವೂ ಮೊಬೈಲಿನ ಚಿತ್ರವೂ

“ಕಾಗದದ ಕಾಲ ಮುಗಿಯಿತು, ದಾಖಲೆಗಳೆಲ್ಲ ಮೊಬೈಲಿನಲ್ಲಿವೆ, ಹಳೆಯ ಟ್ರಂಕನ್ನು ಇನ್ನು ಗುಜರಿಗೆ ಹಾಕಬಹುದು” ಎಂಬ ಮಾತು ನಮ್ಮ ಆದವಾನಿಯ ಕನ್ನಡ ಮನೆಗಳಲ್ಲಿಯೂ ಈಚೆಗೆ ಕೇಳಿಬರುತ್ತಿದೆ. ವಿದ್ಯಾವಂತರೇ ಹೀಗೆನ್ನುತ್ತಿರುವುದರಿಂದ ನಾವು ಸುಮ್ಮನಿರುವಂತಿಲ್ಲ.

ಆ ಟ್ರಂಕಿನಲ್ಲಿರುವುದೇನು? 1953ನೆಯ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯವನ್ನು ಸೇರಿದುವು. ಅದಕ್ಕೆ ಹಿಂದಿನ ಕ್ರಯಪತ್ರ, ಶಾಲೆ ಬಿಟ್ಟ ಪ್ರಮಾಣಪತ್ರ, ಕನ್ನಡದ ಕೈಬರಹದ ಪತ್ರಗಳು ಅಲ್ಲಿವೆ. ಅಜ್ಜ ಕನ್ನಡದಲ್ಲಿ ಓದಿದನೆಂಬುದಕ್ಕೆ ಎಷ್ಟೋ ಮನೆಗಳಲ್ಲಿ ಬೇರೆ ಸಾಕ್ಷಿಯೇ ಇಲ್ಲ.

ಇನ್ನು ಯಂತ್ರದ ಯೋಗ್ಯತೆಯನ್ನು ನೋಡೋಣ. ಫ್ಲಾಪಿಯಲ್ಲಿ ಬರೆದಿಟ್ಟುದನ್ನು ಓದಲು ಇಂದಿನ ಗಣಕಗಳಿಗೆ ಅದನ್ನು ನುಂಗುವ ಬಾಯಿಯೇ ಇಲ್ಲ. ಪೆನ್‌ಡ್ರೈವಿನಲ್ಲಿ ಅಕ್ಷರವೆಂದರೆ ಹಿಡಿದಿಟ್ಟ ವಿದ್ಯುದಂಶ. ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ಮೆಲ್ಲಗೆ ಸೋರಿಹೋಗುವಂಥದು. ಕನ್ನಡಕ್ಕಂತೂ ಇನ್ನೊಂದು ಸಂಕಟ. 1991ರಲ್ಲಿಯೇ ಯೂನಿಕೋಡಿನಲ್ಲಿ ನಮ್ಮ ಲಿಪಿಗೆ ಸ್ಥಾನ ದೊರೆತಿದ್ದರೂ ಬಹುಕಾಲ ನಾವು ಬೆರಳಚ್ಚು ಮಾಡಿದುದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ. ಆ ವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಕನ್ನಡವೆಲ್ಲ ರೋಮನ್ ಅಕ್ಷರಗಳ ಅರ್ಥಹೀನ ಸಂತೆ! ಅದನ್ನೇ ಮಸಿಯಲ್ಲಿ ಬರೆದಿದ್ದರೆ ಓದಲು ಎರಡು ಕಣ್ಣು ಸಾಕಾಗಿತ್ತು.

ಹಿರಿಯರಿಗೆ ಈ ವಿವೇಕವಿತ್ತು. ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆದರು, ಬೇಡವಾದಾಗ ಒರೆಸಿದರು. ದಾನವನ್ನು ಮಾತ್ರ ತಾಮ್ರಕ್ಕೋ ಕಲ್ಲಿಗೋ ಒಪ್ಪಿಸಿದರು. ಪತ್ತಿಕೊಂಡದ ಕಡೆಯ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಮಾತು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ನಿಂತಿದೆ. ಮೊಬೈಲು ನಮ್ಮ ಕಾಲದ ಕಡತ. ಶೃಂಗೇರಿಯ ಕಡತಗಳು ಉಳಿದುವಲ್ಲವೇ ಎಂದು ಕೇಳುವವರುಂಟು. ಉಳಿದುವು, ನಿಜ, ಅವನ್ನು ಕಾಯಲು ಒಂದು ಮಠವಿತ್ತು. ನಮ್ಮ ಗುಪ್ತಪದವನ್ನು ನಾವು ಸತ್ತ ಮೇಲೆ ಕಾಯುವವರಾರು?

ಕಾಗದವೇನೂ ಅಮರವಲ್ಲ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವನ್ನೂ ಕರ್ನೂಲನ್ನೂ ಮುಳುಗಿಸಿದುದನ್ನು ಈ ಸೀಮೆಯವರು ಮರೆಯಲಾರರು. ಬೇರೂರಿನಲ್ಲಿ ಒಂದು ಪ್ರತಿಯಿರಲಿ, ಮೊಬೈಲಿನಲ್ಲಿ ಚಿತ್ರವೂ ಇರಲಿ. 2015ರಲ್ಲಿ ಬಂದ ಡಿಜಿಲಾಕರಿನ ಉಪಯೋಗವನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೆ ಚಿತ್ರವಿದೆಯೆಂದು ಮೂಲವನ್ನು ಎಸೆಯುವುದು ಶುದ್ಧ ಅವಿವೇಕ. 2000ದ ಮಾಹಿತಿ ತಂತ್ರಜ್ಞಾನದ ಕಾಯಿದೆ ಕೂಡ ಮೃತ್ಯುಪತ್ರವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಉಯಿಲಿಗೆ ಇಂದಿಗೂ ಕಾಗದವೇ ಬೇಕು.

ಇದಕ್ಕಿಂತ ದೊಡ್ಡ ಭಯವೊಂದಿದೆ. ಟ್ರಂಕು ಉಳಿದು, ಅದನ್ನು ತೆರೆದ ಮೊಮ್ಮಗನಿಗೆ ತೆಲುಗು, ಇಂಗ್ಲಿಷು ಮಾತ್ರ ಬಂದರೆ, ಅಜ್ಜನ ಮೋಡಿ ಬರಹ ಅವನಿಗೆ ಗೆದ್ದಲ ಹಾದಿಯಂತೆಯೇ ಕಂಡೀತು. ಆ ಹಾನಿಗೆ ಯಾವ ಯಂತ್ರದಲ್ಲಿಯೂ ಮದ್ದಿಲ್ಲ. ಇದ್ದರೆ ಕನ್ನಡ ಉಪಾಧ್ಯಾಯರ ಕೈಯಲ್ಲಿದೆ. ಆದುದರಿಂದ ಉಪಾಧ್ಯಾಯರು ಈ ದಸರಾ ರಜೆಯಲ್ಲಿ ಮಕ್ಕಳಿಂದ ಟ್ರಂಕನ್ನು ತೆರೆಸಲಿ. ಒಂದು ಹಳೆಯ ಪತ್ರವನ್ನು ಮನೆಯ ಹಿರಿಯರ ಬಳಿ ಕುಳಿತು ಓದಿಸಿಕೊಂಡು, ಅಚ್ಚ ಅಕ್ಷರದಲ್ಲಿ ಒಳ್ಳೆಯ ಕಾಗದದ ಮೇಲೆ ಎರಡು ಪ್ರತಿ ಬರೆಯಲಿ. ಹಳೆಯ ಭಾವಚಿತ್ರಗಳ ಹಿಂದೆ ಸೀಸದ ಕಡ್ಡಿಯಿಂದ, ಹಗುರವಾಗಿ, ಹೆಸರನ್ನೂ ಊರನ್ನೂ ಕನ್ನಡದಲ್ಲಿ ಗುರುತಿಸಲಿ.